ಎಲೆಗಾಲಕ್ಕೆ ವೈನ್ ಆರಿಸುತ್ತಿದ್ದ ಗುಟುಕಪ್ಪ

ಹೆಸರು ಗುಟುಕಪ್ಪ. ಆದರೆ ವೈನ್ ಅಂಗಡಿಯಲ್ಲಿ ಕೂದಲು ನೆರೆಯುವ ತನಕ ದುಡಿದ ಈ ಮನುಷ್ಯ ಕೆಲಸದ ಹೊತ್ತಿನಲ್ಲಿ ಒಂದು ಗುಟುಕನ್ನೂ ಗಂಟಲಿಗೆ ಇಳಿಸಿದವನಲ್ಲ. ಬಾಯಿಗೆ ಹಾಕಿಕೊಳ್ಳುವುದು, ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸುವುದು, ಕಣ್ಣು ಮುಚ್ಚಿ ಮೂಗಿನಿಂದ ಉಸಿರು ಬಿಡುವುದು, ಆಮೇಲೆ ಪಕ್ಕದ ಬಕೆಟ್ಟಿಗೆ ಉಗುಳುವುದು. ಇದೇ ಅವನ ಉದ್ಯೋಗ, ಇದಕ್ಕೇ ಸಂಬಳ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಅದೇ ಕಥೆ. ಬೀದಿಯ ಯಾವನೋ ಕುಚೋದ್ಯಕ್ಕೆ ಇಟ್ಟ ಹೆಸರು ಕೊನೆಗೆ ಅವನ ಮನೆಯೊಳಗೂ ಬಂತು. ಸಿಟ್ಟು ಬಂದಾಗ ಹೆಂಡತಿಯೂ "ಏನ್ರೀ ಗುಟುಕಪ್ಪನೋರೇ" ಅನ್ನುತ್ತಿದ್ದಳು.

ಅಂಗಡಿ ಹಳೆಯದು. ಬೀದಿಯಿಂದ ಎರಡು ಮೆಟ್ಟಿಲು ಇಳಿದರೆ ಮರದ ಕೌಂಟರು, ಅದರ ಹಿಂದೆ ಗೋಡೆ ತುಂಬ ಬಾಟಲಿ, ಮೂಲೆಯಲ್ಲಿ ಯಜಮಾನಿಯವರ ಕುರ್ಚಿ. ಕೌಂಟರಿನ ಪಕ್ಕದ ಬಾಗಿಲು ತೆಗೆದು ಕಲ್ಲಿನ ಮೆಟ್ಟಿಲು ಇಳಿದರೆ ನೆಲಮಾಳಿಗೆ. ಅಲ್ಲಿ ಮರದ ಪೀಪಾಯಿಗಳು, ಮರದ ಹಲಗೆಯ ಮೇಲೆ ಮಲಗಿಸಿಟ್ಟ ಬಾಟಲಿಗಳು, ವರ್ಷವಿಡೀ ಒಂದೇ ತಂಪು. ದ್ರಾಕ್ಷಿ ತೋಟದವರಿಂದ ಪೀಪಾಯಿಗಟ್ಟಲೆ ಕೊಂಡು ತಂದ ವೈನು ಅಲ್ಲಿ ತಿಂಗಳುಗಟ್ಟಲೆ ಕೂತು ಹದಕ್ಕೆ ಬರಬೇಕು, ಅಲ್ಲೇ ಬಾಟಲಿಗೆ ಇಳಿಯಬೇಕು. ಯಜಮಾನಿಯವರ ಮಾವ ಕಟ್ಟಿದ ಅಂಗಡಿ ಅದು. ಗಂಡ ತೀರಿಕೊಂಡ ಮೇಲೆ ಅವರೇ ನಡೆಸಿಕೊಂಡು ಬಂದಿದ್ದರು. ಬಾಯಿ ಜೋರು, ಕೈ ಶುದ್ಧ. ಆದರೆ ವೈನಿನ ವಿಷಯಕ್ಕೆ ಬಂದರೆ ಗುಟುಕಪ್ಪ ಹಾಕಿದ ಗೆರೆ ದಾಟುತ್ತಿರಲಿಲ್ಲ.

ಬೇಸಗೆಗೆ ವೈನ್ ಆರಿಸುವುದು ಏನು ಮಹಾ ಅನ್ನುತ್ತಿದ್ದ ಅವನು. ತಣ್ಣಗಿದ್ದರೆ ಸಾಕು, ಜನ ನೀರಿನ ಹಾಗೆ ಕುಡಿಯುತ್ತಾರೆ. ಚಳಿಗಾಲಕ್ಕೂ ಅಷ್ಟೇ, ಮಂದವಾದ ಕೆಂಪು ಇಳಿದು ಮೈ ಬೆಚ್ಚಗಾದರೆ ಯಾರೂ ದೂರು ಹೇಳುವುದಿಲ್ಲ. ಕಷ್ಟವಿರುವುದು ಎಲೆ ಉದುರುವ ಕಾಲದಲ್ಲಿ. ಮಧ್ಯಾಹ್ನ ಬೆವರು, ಸಂಜೆಗೆ ಶಾಲು. ಒಂದೇ ದಿನದಲ್ಲಿ ಮನುಷ್ಯನಿಗೆ ಎರಡು ನಾಲಿಗೆ. ಆ ಕಾಲಕ್ಕೆ ಬೇಕಾದ ಕೆಂಪು ತೆಳ್ಳಗಿರಬೇಕು, ಆದರೆ ಬಡಕಲಾಗಬಾರದು. ನೆನೆದ ಎಲೆಯ ವಾಸನೆ, ಅಣಬೆಯ ವಾಸನೆ ತುಸು ಇರಬೇಕು. ಬಿಳಿಯದಾದರೆ ಮಾಗಿದ ಹಳದಿ ಸೇಬಿನ ಬಣ್ಣಕ್ಕೆ ತಿರುಗಿರಬೇಕು, ಕುಡಿದ ಮೇಲೂ ಬಾಯಲ್ಲಿ ಸ್ವಲ್ಪ ಹೊತ್ತು ಕೂತಿರಬೇಕು. ಬೇಸಗೆ ಕಳೆದು ಮೊದಲ ಸಲ ಕಿಟಕಿ ಮುಚ್ಚುವ ಸಂಜೆ ಇದೆಯಲ್ಲ, ಆ ಸಂಜೆಗೆ ಆಗಿಬರುವ ವೈನು ಬೇಕು ಅನ್ನುತ್ತಿದ್ದ.

ಅದಕ್ಕಾಗಿ ವರ್ಷಕ್ಕೊಮ್ಮೆ ಒಂದು ಇಡೀ ದಿನ ಖಾಲಿ ಹೊಟ್ಟೆಯಲ್ಲಿ ನೆಲಮಾಳಿಗೆಯಲ್ಲಿ ಕೂರುತ್ತಿದ್ದ. ವೈನನ್ನು ಅದು ಮಲಗಿದ ಜಾಗದಲ್ಲೇ ಮೂಸಬೇಕು, ಮೇಲೆ ತಂದರೆ ಬೀದಿಯ ವಾಸನೆ ಬೆರೆಯುತ್ತದೆ ಅನ್ನುವುದು ಅವನ ಹಟ. ಸಂಜೆ ಹೊತ್ತಿಗೆ ಆರಿಸಿದ ಬಾಟಲಿಗಳನ್ನು ಹೊತ್ತು ಮೇಲೆ ಬಂದರೆ ಊರೇ ಕಾದಿರುತ್ತಿತ್ತು. ಹಲ್ಲಿನ ಡಾಕ್ಟರಿಗೆ ಇದು, ಶಾಲೆಯ ಹೆಡ್‌ಮಿಸ್ಸಿಗೆ ಅದು. ಹೆಂಡತಿ ಸತ್ತು ಊಟ ಬಿಟ್ಟಿದ್ದ ದರ್ಜಿಗೆ ಒಂದು ಹುಳಿಮಿಶ್ರಿತ ಎಳೆಗೆಂಪು ಕೊಟ್ಟು, ಇದನ್ನು ಬರೀ ಹೊಟ್ಟೆಗೆ ಕುಡಿಯಬೇಡ, ಜೊತೆಗೆ ಏನಾದರೂ ತಿನ್ನಲೇಬೇಕು, ಇಲ್ಲದಿದ್ದರೆ ಕರುಳು ಸುಡುತ್ತದೆ ಅಂತ ಹೆದರಿಸಿ ಕಳಿಸಿದ್ದ. ಅಷ್ಟು ಸುಡುವ ವೈನೇನೂ ಅಲ್ಲ ಅದು. ದರ್ಜಿ ಹೆದರಿಕೊಂಡು ತಿಂದ, ತಿನ್ನುತ್ತಾ ತಿನ್ನುತ್ತಾ ಬದುಕಿದ.

ಇಂಥ ಮೂಗನ್ನು ಸಾಕುವುದು ಸುಲಭವಲ್ಲ. ಸಾಕಿದವಳು ಹೆಂಡತಿ. ಅದೇ ಅಂಗಡಿಯಲ್ಲಿ ಕಸಮುಸುರೆ ಅವಳದು, ನೆಲಮಾಳಿಗೆ ತೊಳೆಯುವುದೂ ಅವಳದು. ಮದುವೆಯಾಗಿ ಬಂದ ವಾರದಲ್ಲೇ ಗಂಡ ಕೂರಿಸಿಕೊಂಡು ಹೇಳಿದ್ದ: ಮನೆಯಲ್ಲಿ ಪರಿಮಳದ ಸೋಪು ಬೇಡ, ಮುಖಕ್ಕೆ ಪೌಡರು ಬೇಡ, ತಲೆಗೆ ವಾಸನೆ ಎಣ್ಣೆ ಬೇಡ, ತಾನು ಕೆಲಸಕ್ಕೆ ಹೋಗುವ ಮುಂಚೆ ಈರುಳ್ಳಿ ಹುರಿಯಬೇಡ. ಪ್ರಾಯದ ಹುಡುಗಿ, ಆಸೆ ಇರಲಿಲ್ಲವೇ? ಇತ್ತು. ನುಂಗಿಕೊಂಡಳು. ತೌರಿನಿಂದ ತಂದಿದ್ದ ಅತ್ತರಿನ ಸೀಸೆಯನ್ನು ನಾದಿನಿಗೆ ಕೊಟ್ಟುಬಿಟ್ಟಳು. ಮೂವತ್ತು ವರ್ಷ ಬಟ್ಟೆ ಸೋಪಿನಲ್ಲೇ ಮೈ ತೊಳೆದಳು. ಮಕ್ಕಳಾಗಲಿಲ್ಲ, ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. "ನನಗೆ ಒಂದೇ ಮಗು, ಅದು ಇವರ ಮುಖದ ಮೇಲಿದೆ" ಅಂತ ಪಕ್ಕದ ಮನೆಯವಳ ಹತ್ತಿರ ನಗುತ್ತಿದ್ದಳು. ಈ ಕಷ್ಟಕ್ಕೆಲ್ಲ ಅವಳಿಗೆ ಸಿಗುತ್ತಿದ್ದ ಕೂಲಿ ಅಂದರೆ ಎಲೆಗಾಲದ ಒಂದು ಸಂಜೆ: ಆ ವರ್ಷ ಆರಿಸಿದ್ದರಲ್ಲಿ ತೀರಾ ಮೆಚ್ಚಿದ ಒಂದು ಬಾಟಲಿಯನ್ನು ಗಂಡ ಮನೆಗೆ ತಂದು, ಕಿಟಕಿ ಮುಚ್ಚಿ, ಅವಳ ಎದುರು ಕೂತು ಕುಡಿಯುತ್ತಿದ್ದ. ಅದೊಂದನ್ನು ಮಾತ್ರ ಉಗುಳುತ್ತಿರಲಿಲ್ಲ.

ಒಂದು ವರ್ಷ ಬೀದಿಯ ಚರಂಡಿ ಕಟ್ಟಿ ನೆಲಮಾಳಿಗೆಗೆ ನೀರು ನುಗ್ಗಿತು. ನೀರೇನೋ ಇಳಿಯಿತು, ಗೋಡೆ ಹಲಗೆ ಎಲ್ಲಾ ಬೂಷ್ಟು ಹಿಡಿದವು. ಗುಟುಕಪ್ಪನಿಗೆ ಕೆಮ್ಮು ಹತ್ತಿತು, ಬಿಡುವ ಲಕ್ಷಣ ಕಾಣಲಿಲ್ಲ. ಬಿಸಿನೀರು ಹಾಕಿ ಉಜ್ಜುವುದು ಅಲ್ಲಿನ ಹಳೆಯ ಪದ್ಧತಿ. ಅವಳು ಉಜ್ಜಿದಳು, ಬೂಷ್ಟು ನಾಲ್ಕು ದಿನಕ್ಕೆ ಮತ್ತೆ ಬಂತು. ವರ್ಷಾಂತ್ಯದ ರಜಕ್ಕೆ ಅಂಗಡಿ ಮುಚ್ಚಿದಾಗ ಬ್ಲೀಚಿಂಗ್ ಪೌಡರ್ ತಂದು, ನೀರಲ್ಲಿ ಕಲಸಿ, ಗೋಡೆ, ಹಲಗೆ, ಪೀಪಾಯಿಯ ಹೊರಮೈ ಒಂದನ್ನೂ ಬಿಡದೆ ಉಜ್ಜಿ ತೊಳೆದಳು. ಕಣ್ಣು ಉರಿದು ಕೆಂಡವಾಗಿತ್ತು. ವಾಸನೆ ಪೂರ್ತಿ ಹೋಗುವ ತನಕ ದಿನವೂ ಹೋಗಿ ಬಾಗಿಲು ತೆಗೆದಿಟ್ಟು ಕಾದಳು. ಆಮೇಲೆ ಗಂಡನಿಗೆ ಹೇಳಿದಳು. ಅವನು ಇಳಿದು ಮೂಸಿ ನೋಡಿದ, ಬ್ಲೀಚಿಂಗಿನ ಸುಳಿವೂ ಇಲ್ಲ. ಗೋಡೆ ಮೊಟ್ಟೆಯ ಚಿಪ್ಪಿನ ಹಾಗಿದೆ. ಭೇಷ್ ಅಂದ. ಕೆಮ್ಮೂ ನಿಂತಿತು. ನೆಲಮಾಳಿಗೆ ತೊಳೆದ ಕಥೆಯನ್ನು ಅವಳು ಬೀದಿಯಲ್ಲೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಳು. ಪೌಡರ್ ಹಾಕಿದ ಗುಟ್ಟೊಂದು ಮಾತ್ರ ಗಂಡ ಹೆಂಡಿರ ನಡುವೆ ಉಳಿಯಿತು, ಯಜಮಾನಿಯವರದು ಹಳೇ ಕಾಲದ ಕಟ್ಟುನಿಟ್ಟು ಅಂತ.

ಮುಂದಿನ ಎಲೆಗಾಲದಲ್ಲಿ ಹಲ್ಲಿನ ಡಾಕ್ಟರು ಎರಡು ಬಾಟಲಿ ವಾಪಸ್ಸು ತಂದರು. ಏನೋ ಸಪ್ಪೆ, ಹಣ್ಣಿನ ರುಚಿಯೇ ಇಲ್ಲ ಅಂದರು. ಹೆಡ್‌ಮಿಸ್ಸು ಏನೂ ಅನ್ನಲಿಲ್ಲ, ಬರುವುದನ್ನೇ ನಿಲ್ಲಿಸಿದರು. ಗುಟುಕಪ್ಪ ಕೆಳಗೆ ಹೋಗಿ ಮತ್ತೆ ಮತ್ತೆ ಮೂಸಿದ, ಅವನಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಅದರ ಮುಂದಿನ ವರ್ಷ ಇನ್ನೂ ಅನ್ಯಾಯ. ಅವನು ಆರಿಸಿದ ವೈನುಗಳಲ್ಲಿ ಅರ್ಧಕ್ಕರ್ಧ ಕೊಳ್ಳುವವರಿಲ್ಲದೆ ಕೂತವು. ಯಜಮಾನಿಯವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಮಾತು ಕಡಿಮೆ ಮಾಡಿದರು. ಬಾಯಿ ಜೋರಿನವರು ಸುಮ್ಮನಾದರೆ ಹೆದರಿಕೆ ಜಾಸ್ತಿ.

ಚಳಿ ಕಳೆಯುವ ಹೊತ್ತಿಗೆ ತೋಟದ ಮುದುಕ ಬಂದ. ತಲೆಮಾರಿನಿಂದ ಈ ಅಂಗಡಿಗೆ ವೈನ್ ಕೊಡುತ್ತಿದ್ದ ಮನೆತನ ಅವನದು. ಯಜಮಾನಿಯವರು ವಾಪಸ್ಸು ಬಂದ ಬಾಟಲಿ ಅವನ ಮುಂದಿಟ್ಟರು. ಒಂದು ಸಲ ಮೂಸಿದ್ದೇ ತಡ ಮುದುಕ ಗ್ಲಾಸು ಕೆಳಗಿಟ್ಟ, ನೆಲಮಾಳಿಗೆಯ ಬಾಗಿಲು ತೆಗೆಸಿದ, ಮೂರು ಮೆಟ್ಟಿಲು ಇಳಿದವನು ಅಲ್ಲೇ ನಿಂತುಬಿಟ್ಟ. ಆಮೇಲೆ ಗುಟುಕಪ್ಪನ ತೋಳು ಹಿಡಿದು ಬೀದಿಗೆ ಕರೆದುಕೊಂಡು ಹೋದ. ಇಬ್ಬರೂ ಸೇತುವೆಯ ತನಕ ನಡೆದು, ಗಾಳಿಗೆ ನಿಂತು, ಸಾಕಷ್ಟು ಹೊತ್ತು ಕಳೆದು ವಾಪಸ್ಸಾದರು. "ಈಗ ಇಳಿ" ಅಂದ ಮುದುಕ.

ಇಳಿದ. ಆಗ ಹೊಡೆಯಿತು ವಾಸನೆ. ಮಳೆಯಲ್ಲಿ ನೆನೆದು ಮೂಲೆಯಲ್ಲಿ ಮುಗ್ಗಿದ ರಟ್ಟಿನ ವಾಸನೆ. ಗೋಡೆಯಲ್ಲಿ, ಹಲಗೆಯಲ್ಲಿ, ಪೀಪಾಯಿಯ ಮರದಲ್ಲಿ, ಎಲ್ಲೆಲ್ಲೂ. ದಿನವಿಡೀ ಅದರೊಳಗೇ ಕೂತು, ಬಟ್ಟೆಯಲ್ಲಿ ಅದನ್ನೇ ಮನೆಗೂ ಹೊತ್ತೊಯ್ಯುವವನಿಗೆ ಅದು ಗೊತ್ತಾಗುವುದಿಲ್ಲ, ತನ್ನ ಮನೆಯ ವಾಸನೆ ತನಗೆ ಗೊತ್ತಾಗದ ಹಾಗೆ ಅಂತ ಮುದುಕ ಮೆಲ್ಲಗೆ ಹೇಳಿದ. ಬೂಷ್ಟು ಹಿಡಿದ ಮರಕ್ಕೆ ಬ್ಲೀಚಿಂಗ್ ಬಿದ್ದರೆ ಹೀಗಾಗುತ್ತದೆ, ಬ್ಲೀಚಿಂಗಿನ ವಾಸನೆ ಹಾರಿಹೋದರೂ ಅದು ಹುಟ್ಟಿಸಿದ ಈ ಮುಗ್ಗು ಮರದಲ್ಲೇ ಉಳಿದು ವೈನಿಗೆ ಇಳಿಯುತ್ತದೆ, ಇನ್ನು ಈ ಮರವನ್ನೆಲ್ಲ ಸುಡದೆ ಬೇರೆ ದಾರಿ ಇಲ್ಲ ಅಂದ. ತನ್ನ ಊರಿನಲ್ಲೂ ಒಬ್ಬರು ಹೀಗೇ ಹಾಳಾದರಂತೆ. ಗುಟುಕಪ್ಪ ಪೀಪಾಯಿಗೆ ಒರಗಿ ನಿಂತ.

ಮೇಲಿನಿಂದ ಯಜಮಾನಿಯವರು ಇಳಿದು ಬಂದಿದ್ದರು, ಎಲ್ಲಾ ಕೇಳಿಸಿಕೊಂಡಿದ್ದರು. ಮುಖ ಬಿಳುಪೇರಿತ್ತು.

"ಇದನ್ನ ತೊಳೆಯೋಳು ಒಬ್ಳೇ" ಅಂದರು. "ಕರೀರಿ ಅವಳನ್ನ. ಏನು ಹಾಕಿ ತೊಳೆದ್ಲು ಅಂತ ನನ್ನ ಮುಂದೆ ಹೇಳ್ಲಿ."

"ಅವಳನ್ನ ಯಾಕೆ ಕರೀತೀರಿ ಅಮ್ಮಾವ್ರೇ" ಅಂದ ಗುಟುಕಪ್ಪ. "ಬಿಸಿನೀರು ಬಿಟ್ಟು ಅವಳು ಏನೂ ಹಾಕಿಲ್ಲ. ನಾನೇ ಪಕ್ಕದಲ್ಲಿದ್ದೆ. ಚರಂಡಿ ನೀರು ನುಗ್ಗಿತ್ತಲ್ಲ, ಅದರದ್ದೇ ಇದು. ಮೊದಲನೇ ತಿಂಗಳೇ ನಾನು ಹಿಡೀಬೇಕಿತ್ತು. ಹಿಡಿಯೋಕಾಗ್ಲಿಲ್ಲ. ನನ್ನ ಮೂಗು ಹೋಗಿ ಎರಡು ವರ್ಷ ಆಯ್ತು."

ಪ್ರೀತಿ ಅನ್ನಿ, ಪುಕ್ಕಲುತನ ಅನ್ನಿ. ನನ್ನನ್ನು ಕೇಳಿದರೆ ಎರಡೂ ಅರ್ಧರ್ಧ. ಅವಳು ಊರೆಲ್ಲ ಹೇಳಿಕೊಂಡು ಮೆರೆದ ಕೆಲಸವೇ ಅಂಗಡಿಯನ್ನು ಮುಳುಗಿಸಿತು ಅಂತ ಅವಳ ಕಿವಿಗೆ ಬೀಳಬಾರದು, ಅಷ್ಟೇ ಆ ಗಳಿಗೆಯಲ್ಲಿ ಅವನಿಗೆ ತೋಚಿದ್ದು. ತೋಟದ ಮುದುಕನಿಗೆ ಸುಳ್ಳು ಅಂತ ಗೊತ್ತು. ವಾಸನೆ ಹೊಡೆದಾಗ ಗುಟುಕಪ್ಪನ ಮುಖ ಹೇಗಾಯಿತು ಅಂತ ಎದುರಿಗೇ ನಿಂತು ನೋಡಿದವನು. ಆದರೂ ಇನ್ನೊಬ್ಬರ ಸಂಸಾರದೊಳಗೆ ಯಾಕೆ ತಲೆಹಾಕಲಿ ಅಂತ ಸುಮ್ಮನಾದ. ಗುಟುಕಪ್ಪ ತಲೆ ಎತ್ತಿದಾಗ ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು, ಕೈಯಲ್ಲಿ ಬಕೆಟ್ಟು. ಅವಳಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಯಜಮಾನಿಯವರು ಅವನ ಮಾತು ನಂಬಿದರು, ಬ್ಲೀಚಿಂಗಿನ ವಿಷಯ ಮತ್ತೆ ಎತ್ತಲಿಲ್ಲ. ಅಂದೇ ಅವನ ಕೆಲಸ ಹೋಯಿತು. ಅವಳ ಕೆಲಸ ಉಳಿಯಿತು. ಮನೆಗೆ ಬಂದವಳು ಅಳಲಿಲ್ಲ, ಕೂಗಾಡಲಿಲ್ಲ. ಎರಡು ವರ್ಷ ಮೂಗಿಲ್ಲದೆ ಸಂಬಳ ಎಣಿಸಿಕೊಂಡರಲ್ಲ, ನಾಚಿಕೆಯಾಗಲಿಲ್ಲವೇ ಅಂತ ಒಂದೇ ಸಲ ಕೇಳಿದಳು. ವಾರಗಟ್ಟಲೆ ಮಾತಿಲ್ಲ. ಗಂಡನಿಂದ ಯಜಮಾನಿಗೆ ದ್ರೋಹವಾಯಿತು ಅಂತ ಆ ಹೆಂಗಸು ತಲೆ ತಗ್ಗಿಸಿ ಎರಡಾಳಿನ ಕೆಲಸ ಒಬ್ಬಳೇ ಮಾಡತೊಡಗಿದಳು. ನೋಡುತ್ತಾ ಕೂರಬೇಕಾಗಿ ಬಂದದ್ದು ಗುಟುಕಪ್ಪನ ಕರ್ಮ. ಅವನು ಅಡುಗೆ ಕಲಿತ, ಪಾತ್ರೆ ತೊಳೆದ, ಅವಳು ಬರುವ ಹೊತ್ತಿಗೆ ನೀರು ಕಾಯಿಸಿಟ್ಟ.

ಒಂದು ದಿನ ಬಚ್ಚಲಲ್ಲಿ ಗುಲಾಬಿಯ ಸೋಪು ಬಂತು. ಆಮೇಲೆ ಪೌಡರ್ ಡಬ್ಬಿ, ಆಮೇಲೆ ಒಂದು ಪುಟ್ಟ ಸೆಂಟಿನ ಸೀಸೆ. ಬೆಳಗಾಗೆದ್ದರೆ ಈರುಳ್ಳಿ ಹುರಿಯುವ ಘಮ. ಪಕ್ಕದ ಮನೆಯವಳು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಆಡಿಕೊಂಡಳು. ಇವಳಿಗೆ ಆ ಮಾತು ತಾಗಲಿಲ್ಲ. ಮೂವತ್ತು ವರ್ಷದ ಬಾಕಿ ಅದು, ಪಕ್ಕದ ಮನೆಯವಳಿಗೇನು ಗೊತ್ತು! ಮೊದಲ ದಿನ ಸೆಂಟು ಹಾಕಿಕೊಂಡು ಬಂದು ಗಂಡನ ಪಕ್ಕ ಕೂತಳು. ಏನಾದರೂ ತಿಳಿಯುತ್ತಾ ಅಂತ ಮೆಲ್ಲಗೆ ಕೇಳಿದಳು. ಇಲ್ಲ ಅಂದ. ಅವಳ ಮುಖ ಬಾಡಿತು. ಕೊರಳಿನ ಹತ್ತಿರದ ಸೆಂಟು, ಕೂದಲಿನ ಬೆವರು, ಸೆರಗಿನ ಸೋಪು ಎಲ್ಲ ಬೇರೆ ಬೇರೆಯಾಗಿ ಅವನ ಮೂಗಿಗೆ ಬರುತ್ತಿತ್ತು. ಚೆನ್ನಾಗಿದೆ ಕಣೇ ಅನ್ನಬೇಕು ಅಂತ ನಾಲಿಗೆಯ ತುದಿಗೆ ಬಂದ ಮಾತನ್ನು ಹಿಂದಕ್ಕೆ ತಳ್ಳಿದ.

ಬೇಸಗೆ ಮುಗಿಯುವಾಗ ಯಜಮಾನಿಯವರು ನೆಲಮಾಳಿಗೆಯ ಮರವನ್ನೆಲ್ಲ ಒಡೆಸಿ ಹೊರಗೆ ಹಾಕಿಸಿದರು. ಪೀಪಾಯಿಯ ಚಕ್ಕೆಗಳನ್ನು ಹೊತ್ತವರಲ್ಲಿ ಅವಳೂ ಒಬ್ಬಳು. ಅದಾದ ಮೇಲೆ ಅವಳು ಎಡಗಾಲನ್ನು ತುಸು ಎಳೆದು ಹಾಕುವುದು ಗುಟುಕಪ್ಪನಿಗೆ ಕಂಡಿತು. ಹೊಸ ಬೂಟು ಕಚ್ಚುತ್ತಿದೆ ಅಂದಳು. ಸಕ್ಕರೆ ಕಾಯಿಲೆ ಅವಳಿಗೆ ಮೊದಲಿನಿಂದ ಇತ್ತು. ಪಾದ ಮರಗಟ್ಟಿದ ಹಾಗಿರುತ್ತದೆ ಅಂತ ಆಗಾಗ ಹೇಳುತ್ತಿದ್ದದ್ದೇ, ಅವನೂ ಅಷ್ಟಕ್ಕೇ ಬಿಟ್ಟ.

ಎಲೆ ಉದುರತೊಡಗಿತು. ಅಂಗಡಿಗೆ ಈಗ ಬಾಟಲಿಗಳೇ ಹೊರಗಿನಿಂದ ಬರುತ್ತಿದ್ದವು, ಆರಿಸುವವರು ಯಜಮಾನಿಯವರ ಅಳಿಯಂದಿರು. ಒಂದು ಸಂಜೆ ಅವಳು ಬಟ್ಟೆಯಲ್ಲಿ ಸುತ್ತಿದ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟಳು. ತಾನೇ ಆರಿಸಿದ್ದು ಅಂದಳು. ಅಳಿಯಂದಿರು ಬೇರೆ ಯಾವುದನ್ನೋ ತೋರಿಸಿದರಂತೆ. ಬೇಡ, ಅದು ಚಳಿಗಾಲಕ್ಕೆ ಸರಿ, ಇದು ಕೊಡಿ ಅಂದಳಂತೆ. ವಾಸನೆ ತಿಳಿಯದಿದ್ದರೂ ನಾಲಿಗೆ ಇದೆಯಲ್ಲ, ವರ್ಷಕ್ಕೊಂದು ಸಂಜೆ, ತಪ್ಪಿಸುವುದು ಬೇಡ ಅಂತ ಕಿಟಕಿ ಮುಚ್ಚಿ ಎದುರಿಗೆ ಕೂತಳು. ತಿಂಗಳುಗಳ ಸಿಟ್ಟು ಅವತ್ತಿಗೆ ಇಳಿದಿತ್ತು.

ಗುಟುಕಪ್ಪ ಗ್ಲಾಸು ಎತ್ತಿದ. ಎಳೆಗೆಂಪು, ನೆನೆದ ಎಲೆ, ತುಸು ಅಣಬೆ, ಹಿಂದೆ ಎಲ್ಲೋ ಕಾಡಿನ ಹಣ್ಣು. ಅವನೇ ಹೋಗಿದ್ದರೂ ಇದನ್ನೇ ಎತ್ತಿಕೊಂಡು ಬರುತ್ತಿದ್ದ. ಓದಿ ಕಲಿತದ್ದಲ್ಲ, ಹೇಳಿಸಿಕೊಂಡದ್ದೂ ಅಲ್ಲ, ಮೂವತ್ತು ವರ್ಷ ಅವನ ಪಕ್ಕ ಬಾಳಿ ಅವಳು ಕಲಿತ ವಿದ್ಯೆ. ಹೇಗಿದೆ ಅಂತ ಕೇಳಿದಳು. ಬೆಚ್ಚಗಿದೆ ಅಂದ, ಅಷ್ಟೇ.

ಎರಡನೆಯ ಸಲ ಮೂಸಿದಾಗ ಇನ್ನೊಂದು ಸಿಕ್ಕಿತು. ಗುಲಾಬಿಯ ಕೆಳಗೆ, ಪೌಡರಿನ ಕೆಳಗೆ, ಬಲು ಸಣ್ಣಗೆ: ಬುಟ್ಟಿಯ ಅಡಿಯಲ್ಲಿ ಕೊಳೆತ ಹಣ್ಣಿನ ಸಿಹಿ, ಜೊತೆಗೆ ತುಕ್ಕು ಕಬ್ಬಿಣ. ವೈನೇ ಕೆಟ್ಟಿದೆಯೇನೋ ಅಂತ ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿದ. ವಾಸನೆ ಹೋಗಲಿಲ್ಲ. ಅದು ಮೇಜಿನ ಕೆಳಗಿನಿಂದ, ಅವಳ ಕಾಲುಚೀಲದೊಳಗಿನಿಂದ ಬರುತ್ತಿತ್ತು. ಬೇರೆ ಯಾರ ಮೂಗಿಗೂ ಅದು ಸಿಕ್ಕುವಂಥದ್ದಲ್ಲ, ಇನ್ನೂ.

ಅದು ಏನು ಅಂತ ಗುಟುಕಪ್ಪನಿಗೆ ಗೊತ್ತಾಯಿತು. ಮಾಂಸ ಕೊಳೆಯುವ ವಾಸನೆಯನ್ನು ಅವನ ಮೂಗು ಬೇರೆ ಯಾವುದಕ್ಕೂ ತಪ್ಪು ತಿಳಿಯುವುದಿಲ್ಲ. ಬಾಯಿ ತೆರೆದ. ತೆರೆದವನು ಮುಚ್ಚಿದ. ನಿನ್ನ ಕಾಲು ನಾರುತ್ತಿದೆ ಅಂದರೆ ಮೂಗು ಇದೆ ಅಂತಾಯಿತು. ಮೂಗು ಇದೆ ಅಂದರೆ ಅವತ್ತು ಹೇಳಿದ್ದು ಸುಳ್ಳಾಯಿತು. ಸುಳ್ಳು ಯಾಕೆ ಅಂತ ಅವಳು ಕೇಳದೆ ಬಿಡುವುದಿಲ್ಲ, ಕೇಳಿದರೆ ಬ್ಲೀಚಿಂಗಿನ ತನಕ ಹೋಗದೆ ನಿಲ್ಲುವುದಿಲ್ಲ. ಬಿಸಿತುಪ್ಪ ಬಾಯಲ್ಲಿ ಹಾಕಿಕೊಂಡವನ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಕೂತ. ನಾಳೆ ಹೇಗಾದರೂ ಮಾಡಿ ಡಾಕ್ಟರ ಹತ್ತಿರ ಕರೆದೊಯ್ಯೋಣ, ಬೇರೆ ನೆಪ ಹುಡುಕೋಣ ಅಂದುಕೊಂಡ.

ನಾಳೆ ಅನ್ನುವ ಮಾತಿನಷ್ಟು ಹಾಳು ಮಾತು ಇನ್ನೊಂದಿಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿ ಬಹಳ ದಿನವಾಯಿತಲ್ಲ, ಹೋಗಿ ಬರೋಣ ಅಂದ. ಬಿಡುವಿಲ್ಲ ಅಂದಳು. ಕಾಲು ಒತ್ತಿಕೊಡಲಾ ಅಂತ ಕೇಳಿದ. ಇದೇನು ಹೊಸ ಪ್ರೀತಿ ಅಂತ ನಕ್ಕು ಕಾಲು ಮಡಚಿಕೊಂಡಳು. ಮಧ್ಯಾಹ್ನ ಅವಳು ಅಡ್ಡಾದಾಗ ಕಾಲುಚೀಲ ಎಳೆದು ನೋಡಲು ಹೋದ, ಅವಳಿಗೆ ಎಚ್ಚರವಾಯಿತು. ನೀವೇ ಅವಳಿಗೆ ಒಮ್ಮೆ ಹೇಳಿ ಅನ್ನೋಣ ಅಂತ ಪಕ್ಕದ ಮನೆಯವಳ ಹತ್ತಿರ ಹೋಗಿ ಬಾಗಿಲಲ್ಲಿ ನಿಂತ. ಏನಂತ ಹೇಳುವುದು, ನಿಮಗೆ ಹೇಗೆ ಗೊತ್ತು ಅಂದರೆ? ಉಪ್ಪು ತೀರಿದೆ ಅಂತ ಉಪ್ಪು ಇಸಿದುಕೊಂಡು ಬಂದ. ಮನೆಯಲ್ಲಿ ಪೌಡರಿನ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿತ್ತು. ಅವನ ಮೂಗು ಸತ್ತಿದೆ ಅನ್ನುವ ಧೈರ್ಯದಲ್ಲೇ ಅವಳು ಗಾಯವನ್ನು ಮುಚ್ಚಿಟ್ಟುಕೊಂಡಿದ್ದಾಳೆ ಅಂತ ಆಗ ಅವನಿಗೆ ಹೊಳೆಯಿತು. ಹೊಳೆದ ಮೇಲೂ ಇನ್ನಷ್ಟು ದಿನ ಕಳೆದ, ಅವಳು ವೈನ್ ತಂದ ಸಂಜೆಯಾಗಿ ಮೂರು ವಾರ ಮೀರಿತು. ಇಂಥವರನ್ನು ಕಂಡರೆ ಸಿಟ್ಟು ಬರುತ್ತದೆ, ಆದರೆ ಎದುರಿಗೆ ಬಂದರೆ ಬೈಯಲು ಬಾಯಿ ಬರುವುದಿಲ್ಲ.

ಒಂದು ಬೆಳಿಗ್ಗೆ ಅವಳು ಬೂಟು ಹಾಕಿಕೊಳ್ಳುತ್ತಿದ್ದಾಗ ವಾಸನೆ ಬದಲಾಗಿತ್ತು. ಸಿಹಿ ಹೋಗಿ ಬರೀ ಕೊಳೆತದ್ದು ಉಳಿದಿತ್ತು. ಗುಟುಕಪ್ಪ ಒಲೆ ಆರಿಸಿ ಬಂದು ಅವಳ ಎದುರು ನೆಲದ ಮೇಲೆ ಕೂತ.

"ಇವತ್ತು ಕೆಲ್ಸಕ್ಕೆ ಹೋಗ್ಬೇಡ. ನಿನ್ನ ಎಡಗಾಲು ಕೊಳೀತಿದೆ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ವಾಸನೆ ಬರ್ತಿದೆ."

ಅವಳ ಕೈ ಬೂಟಿನ ಮೇಲೇ ನಿಂತಿತು. ಅವನ ಮುಖ ನೋಡಿದಳು. ಪೆದ್ದಿಯಲ್ಲ ಅವಳು. ಅವನು ಹೆದರಿದ್ದ ದಾರಿಯನ್ನೆಲ್ಲ ಅವಳು ಅಲ್ಲೇ ಕೂತು ಒಂದೇ ಉಸಿರಿಗೆ ನಡೆದು ಮುಗಿಸಿದಳು.

"ಹಾಗಾದ್ರೆ ನಿಮ್ಮ ಮೂಗಿಗೆ ಏನೂ ಆಗಿಲ್ಲ" ಅಂದಳು. "ಬ್ಲೀಚಿಂಗಾ?"

ಅವನು ತಲೆಯಾಡಿಸಿದ. ಅವನೇ ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಸುತ್ತಿದ್ದ ಬಟ್ಟೆ ಬಿಚ್ಚಿದ. ಪೀಪಾಯಿ ಚಕ್ಕೆಯ ಮೊಳೆ ಬೂಟನ್ನು ತೂರಿ ಪಾದಕ್ಕೆ ಇಳಿದಿತ್ತು. ಮರಗಟ್ಟಿದ ಪಾದಕ್ಕೆ ಅದು ಗೊತ್ತೇ ಆಗಿರಲಿಲ್ಲ. ರಕ್ತ ಕಂಡ ಮೇಲೆ ಉಪ್ಪುನೀರಿನಲ್ಲಿ ತೊಳೆದು ಕಟ್ಟಿಕೊಂಡಿದ್ದಳಂತೆ. ನೋವಿಲ್ಲ ಅಂದ ಮೇಲೆ ವಾಸಿಯಾಗುತ್ತಿದೆ ಅಂದುಕೊಂಡಿದ್ದಳಂತೆ. ಕುಂಟುತ್ತಾಳೆ ಅಂತ ತಿಳಿದರೆ ಯಜಮಾನಿಯವರು ಬೇರೆಯವರನ್ನು ಇಟ್ಟುಕೊಂಡಾರು, ಮನೆಯಲ್ಲಿ ದುಡಿಯುವವಳು ತಾನೊಬ್ಬಳೇ. ಮೂರು ಬೆರಳು ಕಪ್ಪಾಗಿದ್ದವು, ಕಪ್ಪು ಮೇಲಕ್ಕೂ ಹತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೆಚ್ಚು ಮಾತಾಡುವವರಲ್ಲ. ನೋಡಿದರು, ನರ್ಸನ್ನು ಕರೆದರು, ಮೊಣಕಾಲಿನ ಕೆಳಗೆ ತೆಗೆಯಬೇಕು, ಇವತ್ತೇ ಅಂದರು. ಒಂದೆರಡು ವಾರ ಮುಂಚೆ ಬಂದಿದ್ದರೆ ಬೆರಳಿನಲ್ಲೇ ಮುಗಿಯುತ್ತಿತ್ತು ಅಂತ ಅವಳ ಎದುರಿಗೇ ಹೇಳಿದರು.

ಮಾರನೆಯ ದಿನ ಸಂಜೆಗೆ ಅವಳಿಗೆ ಪೂರ್ತಿ ಎಚ್ಚರವಾಯಿತು. ಹೊದಿಕೆಯ ಕೆಳಗೆ ಒಂದು ಕಡೆ ಕಾಲಿನ ಉಬ್ಬು ಇತ್ತು, ಇನ್ನೊಂದು ಕಡೆ ಮಂಚ ಚಪ್ಪಟೆಯಾಗಿತ್ತು. ಗುಟುಕಪ್ಪ ಸ್ಟೂಲಿನ ಮೇಲೆ ಕೂತಿದ್ದ. ಡೆಟಾಲು, ಔಷಧಿ, ಪಕ್ಕದ ಮಂಚದ ಕಿತ್ತಳೆ ಸಿಪ್ಪೆ ಎಲ್ಲ ಅವನಿಗೆ ತಿಳಿಯುತ್ತಿತ್ತು. ಆ ಕೊಳೆತ ವಾಸನೆ ಮಾತ್ರ ಇರಲಿಲ್ಲ. ಅವಳು ನೀರು ಕೇಳಿದಳು, ಕುಡಿಸಿದ.

"ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ" ಅಂದಳು. "ನಿಮ್ಗೆ ಮೊದಲ್ನೇ ಸಲ ವಾಸನೆ ಬಂದಿದ್ದು ಯಾವತ್ತು?"

ನಿನ್ನೆ ಬೆಳಿಗ್ಗೆ ಅಂದಿದ್ದರೆ ನಂಬುತ್ತಿದ್ದಳೋ ಏನೋ. ಆ ಮಾತು ಅವನ ಬಾಯಿಗೆ ಬಂದಿತ್ತು. ಇನ್ನೊಂದು ಸುಳ್ಳಿಗೆ ಅವನಲ್ಲಿ ತ್ರಾಣ ಇರಲಿಲ್ಲ.

"ನೀನು ವೈನ್ ತಂದ ಸಂಜೆ" ಅಂದ.

ಅವಳು ಲೆಕ್ಕ ಹಾಕಿದ್ದು ಕಣ್ಣಿನಲ್ಲೇ ಕಂಡಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅತ್ತಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆಚೆ ಮಂಚದವರ ನೆಂಟರು ಬಂದು ಹೋದರು, ದೀಪ ಹಾಕಿದರು, ನರ್ಸು ಬಂದು ಸಮಯವಾಯಿತು ಅಂದಳು. ಗುಟುಕಪ್ಪ ಏಳುವಾಗ ಅವಳು ಗೋಡೆಗೆ ಮುಖ ಮಾಡಿಯೇ ಮಾತಾಡಿದಳು.

"ನನ್ನ ಮರ್ಯಾದೆ ಉಳಿಸೋಕೆ ನನ್ನ ಕಾಲು ಕೊಟ್ರಿ. ಯಾವ್ದು ಬೇಕು ಅಂತ ನನ್ನ ಒಂದ್ಸಲ ಕೇಳಿದ್ರಾ?"

ಅವನು ಸ್ಟೂಲನ್ನು ಮಂಚದ ಕೆಳಗೆ ತಳ್ಳಿದ.

"ನಾಳೆ ಬರ್ತಾ ಯಜಮಾನಿಯವರನ್ನ ಕರ್ಕೊಂಡು ಬನ್ನಿ. ನೀವೇನೂ ಹೇಳ್ಬೇಡಿ. ಬ್ಲೀಚಿಂಗ್ ಹಾಕಿದ್ದನ್ನಾದ್ರೂ ನಾನೇ ಹೇಳ್ತೀನಿ."

ಹೂಂ ಅಂದ. ಮೆಟ್ಟಿಲಿಳಿದು, ಉದುರಿದ ಎಲೆ ತುಳಿದುಕೊಂಡು, ಬಾಗಿಲು ಹಾಕುವ ಮುಂಚೆ ಅಂಗಡಿ ಮುಟ್ಟಬೇಕು ಅಂತ ನಡೆದ.